ಮನೆ ಗೊತ್ತಿದ್ದರೆ ಸಾಕು, ಕಾಯಿಲೆ ಯಾಕೆ? ಬಾಗೇಪಲ್ಲಿ ಗಡಿಯ ಒಂದು ಲಸಿಕೆ ಪಟ್ಟಿ

ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ತಾಲ್ಲೂಕು. ಆಂಧ್ರದ ಗಡಿಗೆ ಅಂಟಿಕೊಂಡಿರುವ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. 2021ರ ಸೆಪ್ಟೆಂಬರ್‌ನಿಂದ ಮುಂದಿನ ವರ್ಷದ ಶುರುವಿನವರೆಗೆ ಅಲ್ಲಿ ನಡೆದ ಪ್ರಕರಣ ಇದು. ಕೋವಿಡ್ ಲಸಿಕೆ ಸಿಗದೆ ಉಳಿದ ವಯಸ್ಸಾದವರು, ಹಾಸಿಗೆ ಹಿಡಿದವರು, ವಿಕಲಚೇತನರನ್ನು ಹುಡುಕಲು ಒಂದು ಪಟ್ಟಿ ಮಾಡಿದರು. ಆ ಪಟ್ಟಿಯೇ ಜನರನ್ನು ದೂರ ಓಡಿಸಿತು. ಆಮೇಲೆ ಅದೇ ಸಿಬ್ಬಂದಿ ಇನ್ನೊಂದು ಪಟ್ಟಿ ಮಾಡಿ ಅದೇ ಜನರನ್ನು ತಲುಪಿದರು.

ಊರಿನ ಹೆಸರನ್ನೂ ಜನರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಒಬ್ಬಿಬ್ಬರ ಕಸುಬು, ವಯಸ್ಸನ್ನು ಸ್ವಲ್ಪ ಬದಲಿಸಿದ್ದೇನೆ. ಪಟ್ಟಿ ಬಯಲಾದ ಕಥೆಯನ್ನು ಹೇಳುತ್ತಾ ನಾನೇ ಇನ್ನೊಂದು ಸಲ ಬಯಲು ಮಾಡಿದರೆ ಹೇಗೆ, ಅಲ್ವಾ?

ಬಾಕಿ ಉಳಿದವರು ಯಾರು

ದೇಶದಲ್ಲಿ ಕೋವಿಡ್ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ. ಮೊದಲು ಆರೋಗ್ಯ ಸಿಬ್ಬಂದಿಗೆ. ಮಾರ್ಚ್ 1ರಿಂದ 60 ದಾಟಿದವರಿಗೆ, ಜೊತೆಗೆ ಕೆಲವು ಕಾಯಿಲೆಗಳಿರುವ 45ರಿಂದ 59ರವರಿಗೆ. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ, ಮೇ 1ರಿಂದ 18 ದಾಟಿದವರಿಗೆ. ಮೇ, ಜೂನ್‌ನಲ್ಲಿ ಲಸಿಕೆ ಸಾಲದೆ ಗಲಾಟೆ ಆಗುತ್ತಿತ್ತು. ಸೆಪ್ಟೆಂಬರ್ ಹೊತ್ತಿಗೆ ಇಲ್ಲಿ ಅದು ತಿರುವುಮುರುವಾಗಿತ್ತು. ಐಸ್ ಬಾಕ್ಸ್‌ನಲ್ಲಿ ಲಸಿಕೆಯ ಸೀಸೆ (ವಯಲ್) ಇತ್ತು, ಬೆಂಚಿನ ಮೇಲೆ ಜನ ಇರಲಿಲ್ಲ.

ಎಲ್ಲ ಲೆಕ್ಕವೂ ಲಸಿಕೆ ನೋಂದಣಿಯ ಸರ್ಕಾರಿ ಜಾಲತಾಣ ಕೋವಿನ್‌ನಲ್ಲಿ ಇತ್ತು. ಆದರೆ ಕೋವಿನ್‌ಗೆ ಬಂದವರು ಮಾತ್ರ ಗೊತ್ತು, ಬಾರದವರು ಗೊತ್ತಿಲ್ಲ. ಬಾರದವರ ಸಂಖ್ಯೆ ಸಿಗುತ್ತದೆ. ಒಟ್ಟು ಜನಸಂಖ್ಯೆಯಲ್ಲಿ ಬಂದವರನ್ನು ಕಳೆದರೆ ಆಯಿತು. ಅವರ ಮನೆ ಯಾವುದು ಅಂತ ಅದು ಹೇಳುವುದಿಲ್ಲ. ದಿನಾ ಸಂಜೆ ಮೇಲಿನಿಂದ ಫೋನ್ ಬರುತ್ತಿತ್ತು, ‘ಬಾಕಿ ಎಷ್ಟು?’ ಅಂತ. ಎಷ್ಟು ಅಂತ ಕೇಳುತ್ತಿದ್ದರು, ಯಾರು ಅಂತ ಯಾರೂ ಕೇಳಲಿಲ್ಲ.

ಹಾಗಾಗಿ ಬಾಕಿಯೊಳಗೆ ಎಲ್ಲರೂ ಒಂದೇ ಗುಡ್ಡೆಯಾಗಿ ಬಿದ್ದಿದ್ದರು. ‘ನನಗೆ ಬೇಡ’ ಅಂದವರು, ಬೆಂಗಳೂರಿಗೆ ಕೂಲಿಗೆ ಹೋಗಿ ಅಲ್ಲೇ ಹಾಕಿಸಿಕೊಂಡವರು, ಗಡಿ ದಾಟಿ ಹಿಂದೂಪುರದಲ್ಲಿ ಹಾಕಿಸಿಕೊಂಡವರು, ತೀರಿಹೋದವರು, ಮತ್ತೆ ಬರಬೇಕೆಂದರೂ ಬರಲಾಗದವರು. ಈ ಕೊನೆಯ ಗುಂಪು ಚಿಕ್ಕದು. ಸೋಂಕು ತಗುಲಿದರೆ ಸಾಯುವ ಸಾಧ್ಯತೆ ಜಾಸ್ತಿ ಇದ್ದದ್ದು ಈ ಗುಂಪಿಗೇ. ವಯಸ್ಸಾದವರಿಗೂ ವಿಕಲಚೇತನರಿಗೂ ಮನೆ ಹತ್ತಿರವೇ ಲಸಿಕಾ ಕೇಂದ್ರ ಮಾಡಬಹುದು ಅಂತ ಕೇಂದ್ರ ಸರ್ಕಾರ ಮೇ ಕೊನೆಯಲ್ಲೇ ಹೇಳಿತ್ತು. ಶಾಲೆಯಲ್ಲಿ, ಪಂಚಾಯಿತಿ ಕಟ್ಟಡದಲ್ಲಿ ಶಿಬಿರಗಳೂ ಆಗಿದ್ದವು. ಆದರೆ ಪಾರ್ಶ್ವವಾಯು ಹೊಡೆದು ಮಂಚದ ಮೇಲಿರುವವರಿಗೆ ಶಾಲೆ ಎದುರಿಗಿದ್ದರೂ ದೂರವೇ. ಸೆಪ್ಟೆಂಬರ್ 23ರಂದು ಕೇಂದ್ರ ಇನ್ನೊಂದು ಮಾತು ಹೇಳಿತು. ಮನೆ ಬಿಟ್ಟು ಬರಲಾಗದವರಿಗೆ ಮನೆಗೇ ಹೋಗಿ ಲಸಿಕೆ ಕೊಡಬಹುದು. ನವೆಂಬರ್ 3ರಿಂದ ‘ಹರ್ ಘರ್ ದಸ್ತಕ್’ ಹೆಸರಿನಲ್ಲಿ ಮನೆ ಮನೆ ಸುತ್ತುವ ಅಭಿಯಾನವೂ ಶುರುವಾಯಿತು.

ಅನುಮತಿ ಸಿಕ್ಕಿತು. ಯಾವ ಮನೆಗೆ ಹೋಗಬೇಕು?

ಮೊದಲ ಪಟ್ಟಿ

‘ನಾಳೆ ಸಂಜೆಯೊಳಗೆ ಪಟ್ಟಿ ಕೊಡಿ’ ಅಂದರೆ ಸಿಬ್ಬಂದಿ ಏನು ಮಾಡುತ್ತಾರೆ? ಕೈಗೆ ಸಿಕ್ಕಿದ ರಿಜಿಸ್ಟರನ್ನೆಲ್ಲ ತೆರೆಯುತ್ತಾರೆ. ಬಿಪಿ, ಶುಗರ್ ರಿಜಿಸ್ಟರಿನಿಂದ ಒಂದಷ್ಟು ಹೆಸರು ಬಂತು. ಟಿಬಿ ಚಿಕಿತ್ಸೆಯ ನಿಕ್ಷಯ್ ದಾಖಲೆಯಿಂದ ಒಂದಷ್ಟು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ವಿಕಲಚೇತನರ ಪಟ್ಟಿ ಇತ್ತು. ಸಂಧ್ಯಾ ಸುರಕ್ಷಾ ಪಿಂಚಣಿ ಪಡೆಯುವವರ ಪಟ್ಟಿ ನಾಡಕಚೇರಿಯಿಂದ ಬಂತು. ಎಲ್ಲವನ್ನೂ ಒಂದೇ ಎಕ್ಸೆಲ್ ಶೀಟಿಗೆ ಸುರಿದರು. ಹೆಸರು, ವಯಸ್ಸು, ಊರು, ಮೊಬೈಲ್ ನಂಬರು. ಕೊನೆಯ ಕಾಲಂ: ಕಾಯಿಲೆ.

ಆ ಶೀಟು ಗ್ರಾಮ ಪಂಚಾಯಿತಿ ಟಾಸ್ಕ್ ಫೋರ್ಸ್‌ನ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. ದುರುದ್ದೇಶ ಯಾರಿಗೂ ಇರಲಿಲ್ಲ. ಗುಂಪಿನಲ್ಲಿ ವೈದ್ಯಾಧಿಕಾರಿ, ಸಿಸ್ಟರ್, ಆಶಾಗಳ ಜೊತೆ ಪಿಡಿಒ, ಪಂಚಾಯಿತಿ ಸದಸ್ಯರು, ಬಿಲ್ ಕಲೆಕ್ಟರ್, ವಾಟರ್‌ಮನ್, ಶಾಲೆಯ ಮೇಷ್ಟ್ರು, ಎರಡನೇ ಅಲೆಯಲ್ಲಿ ಊಟದ ಪೊಟ್ಟಣ ಹಂಚಿದ ಯುವಕರು ಎಲ್ಲರೂ ಇದ್ದರು. ಮೊದಲ, ಎರಡನೇ ಅಲೆಯಲ್ಲಿ ಊರುಗಳನ್ನು ನಿಜವಾಗಿ ಕಾಪಾಡಿದ್ದು ಇಂಥ ಗುಂಪುಗಳೇ. ಪಟ್ಟಿ ನೋಡಿದ ಕೆಲವರು ತಮ್ಮ ಊರಿನ ಗುಂಪಿಗೆ ಕಳುಹಿಸಿದರು, ‘ನಿಮ್ಮ ಬೀದಿಯವರಿಗೆ ಹೇಳಿ, ಬಂದು ಹಾಕಿಸಿಕೊಳ್ಳಲಿ’ ಅಂತ. ರಾತ್ರಿಯೊಳಗೆ ಆ ಶೀಟು ಹಾಲಿನ ಡೇರಿ ಗುಂಪಿನಲ್ಲೂ ಇತ್ತು.

ಅದರಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿನ ಹೆಸರಿತ್ತು. ಪಕ್ಕದಲ್ಲಿ ‘ಟಿಬಿ’ ಎಂದಿತ್ತು. ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ. ಆಕೆ ನಾಲ್ಕನೇ ತಿಂಗಳಲ್ಲಿದ್ದರು. ಮಾತ್ರೆ ಕೆಲಸ ಮಾಡುತ್ತಿದ್ದರೆ ಮೊದಲ ಕೆಲವು ವಾರಗಳಲ್ಲೇ ಇನ್ನೊಬ್ಬರಿಗೆ ಹರಡುವುದು ಬಹಳ ಕಡಿಮೆಯಾಗುತ್ತದೆ. ಇದನ್ನು ಊರಿಗೆ ಯಾರು ಹೇಳಬೇಕು? ದಸರಾಕ್ಕೆ ಬ್ಲೌಸ್ ಹೊಲಿಯಲು ಕೊಟ್ಟಿದ್ದವರು ಒಬ್ಬೊಬ್ಬರಾಗಿ ಬಂದು ಬಟ್ಟೆ ವಾಪಸ್ ತಗೊಂಡು ಹೋದರು. ಯಾರೂ ಕಾರಣ ಹೇಳಲಿಲ್ಲ. ‘ಅರ್ಜೆಂಟಿಲ್ಲ ಬಿಡು’, ‘ಈ ಸಲ ಹೊಸಾದು ಬೇಡ ಅಂದ್ಕೊಂಡೆ’ ಅಂದರು. ಆಕೆಗೆ ಮಾತ್ರೆ ತಂದುಕೊಡುತ್ತಿದ್ದ ಆಶಾ ಕಾರ್ಯಕರ್ತೆ ಅದೇ ಊರಿನವರು. ಆಕೆ ಆ ಆಶಾರನ್ನು ಕೇಳಿದ್ದು ಒಂದೇ ಮಾತು: “ಅಕ್ಕಾ, ನಾನು ನಿಮಗೆ ಹೇಳಿದ್ದು. ಊರಿಗೆ ಹೇಳಿದ್ದಾ?”

ಗುಂಪಿನಿಂದ ಶೀಟನ್ನು ಅಳಿಸಿ ಅಂತ ಹೇಳುವ ಹೊತ್ತಿಗೆ ತಡವಾಗಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಅಳಿಸುವ ಅವಕಾಶ ಆಗ ಇದ್ದದ್ದು ಕಳುಹಿಸಿದ ಮೇಲೆ ಸುಮಾರು ಒಂದು ಗಂಟೆ ಮಾತ್ರ. ಡೌನ್‌ಲೋಡ್ ಆದ ಶೀಟನ್ನು ಅಳಿಸಲು ಹೇಗೂ ಆಗುವುದಿಲ್ಲ.

ಮುಂದಿನ ವಾರಗಳಲ್ಲಿ ಆದ ನಷ್ಟ ಯಾವ ವರದಿಯಲ್ಲೂ ಬರಲಿಲ್ಲ. ಆಶಾಗಳು ಮನೆಗೆ ಹೋದರೆ ಜನ ಬಾಗಿಲಲ್ಲೇ ಮಾತು ಮುಗಿಸಿದರು. ‘ಶುಗರ್ ಇಲ್ಲ, ಬಿಪಿ ಇಲ್ಲ, ಏನೂ ಇಲ್ಲ ಅಂತ ಬರ್ಕೊಳಮ್ಮ.’ ತಿಂಗಳು ತಿಂಗಳು ಮಾತ್ರೆ ತಗೊಳ್ಳುತ್ತಿದ್ದವರೇ ಹೀಗಂದರು. ಒಬ್ಬರು ಹೃದಯದ ಚಿಕಿತ್ಸೆ ಆಗಿ ರಕ್ತ ತೆಳು ಮಾಡುವ ಮಾತ್ರೆಯಲ್ಲಿದ್ದರು. ಅಂಥವರಿಗೂ ಲಸಿಕೆ ಕೊಡಬಹುದು. ಆದರೆ ಕೊಡುವವರಿಗೆ ಗೊತ್ತಿರಬೇಕು, ಸೂಜಿ ಚುಚ್ಚಿದ ಜಾಗವನ್ನು ಜಾಸ್ತಿ ಹೊತ್ತು ಒತ್ತಿ ಹಿಡಿಯಬೇಕು. ಅವರು ಬಾಯಿ ಬಿಡಲಿಲ್ಲ. ಕಿಟಕಿಯ ಮೇಲಿದ್ದ ಮಾತ್ರೆಯ ಶೀಟು ಸಿಸ್ಟರ್ ಕಣ್ಣಿಗೆ ಬಿದ್ದದ್ದರಿಂದ ವಿಷಯ ತಿಳಿಯಿತು. ಊರಿಗೆಲ್ಲ ಕಾಯಿಲೆ ಹಂಚಿದ್ದರಿಂದ, ನಿಜವಾಗಿ ತಿಳಿಯಬೇಕಾದ ಒಬ್ಬರಿಗೆ ಮಾತ್ರ ಅದು ತಿಳಿಯದಂತಾಗಿತ್ತು.

ಇದು ಈ ಕೇಂದ್ರವೊಂದರದೇ ತಪ್ಪು ಅಂತ ನಾನು ಒಪ್ಪುವುದಿಲ್ಲ. ಕಾಯಿಲೆಯ ಹೆಸರು ಬರೆಸುವ ಅಭ್ಯಾಸ ಅಭಿಯಾನದ ಶುರುವಿನಲ್ಲೇ ಬಂದಿತ್ತು. ಮಾರ್ಚ್ 1ಕ್ಕೆ 45ರಿಂದ 59ರವರಿಗೆ ಲಸಿಕೆ ತೆರೆದಾಗ ಒಂದು ಪ್ರಮಾಣಪತ್ರ ಬೇಕಿತ್ತು. ಅದರಲ್ಲಿ 20 ಬಗೆಯ ಆರೋಗ್ಯ ಸಮಸ್ಯೆಗಳ ಪಟ್ಟಿ ಇತ್ತು. ಹೃದಯ, ಮೂತ್ರಪಿಂಡ, ಕ್ಯಾನ್ಸರ್, ಎಚ್‌ಐವಿ ಎಲ್ಲವೂ ಅದರಲ್ಲೇ. ನೋಂದಾಯಿತ ವೈದ್ಯರು ಗುರುತು ಹಾಕಿ ಸಹಿ ಮಾಡಬೇಕು, ಅದನ್ನು ತಂದು ಲಸಿಕಾ ಕೇಂದ್ರದ ಮೇಜಿನಲ್ಲಿ ತೋರಿಸಬೇಕು. 50 ವರ್ಷದ ಒಬ್ಬ ಎಚ್‌ಐವಿ ಸೋಂಕಿತರು ಆ ಕಾಗದ ಹಿಡಿದು ತಮ್ಮೂರ ಸರದಿಯಲ್ಲಿ ನಿಲ್ಲುವುದನ್ನು ಯೋಚಿಸಿ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ಕ್ಕೆ. ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಬಹಿರಂಗ ಮಾಡಬಾರದು ಅನ್ನುತ್ತದೆ ಆ ಕಾಯ್ದೆ. ಕಾಗದವನ್ನು ಅವರ ಕೈಯಿಂದಲೇ ಹಿಡಿಸಿದರೆ ಅದು ಒಪ್ಪಿಗೆಯೇ? ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ತೆರೆದ ಮೇಲೆ ಆ ಕಾಗದ ಬೇಕಾಗಲಿಲ್ಲ. ಆ ಒಂದು ತಿಂಗಳು ಬಾರದೇ ಉಳಿದವರು ಎಷ್ಟೋ.

ಎರಡನೇ ಪಟ್ಟಿ

ಬದಲಾವಣೆ ಶುರುವಾದದ್ದು ಆಶಾಗಳ ಮಾಸಿಕ ಸಭೆಯಲ್ಲಿ. ಮೇಲೆ ಹೇಳಿದ ಆಶಾ ಕಾರ್ಯಕರ್ತೆ ಇನ್ನು ಯಾವ ಪಟ್ಟಿಯನ್ನೂ ಕೊಡುವುದಿಲ್ಲ ಅಂತ ಕೂತುಬಿಟ್ಟರು. ವೈದ್ಯಾಧಿಕಾರಿ ಬೈಯಲಿಲ್ಲ. ಏನು ಮಾಡೋಣ ಅಂತ ಕೇಳಿದರು. ಆಕೆ ಹೇಳಿದ್ದು ಇಷ್ಟೇ: “ಸರ್, ನಾನು ಸೂಜಿ ಚುಚ್ಚೋಳಲ್ಲ. ನನಗೆ ಯಾವ ಮನೆ ಅಂತ ಗೊತ್ತಿದ್ರೆ ಸಾಕು. ಏನು ಕಾಯಿಲೆ ಅಂತ ನನಗ್ಯಾಕೆ? ಪಂಚಾಯ್ತಿಯೋರಿಗ್ಯಾಕೆ?”

ಈ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ಮಾತು ನನಗೆ ಕಾಣಲಿಲ್ಲ. ಯಾರಿಗೆ ಯಾವ ಕೆಲಸವೋ ಅದಕ್ಕೆ ಬೇಕಾದಷ್ಟೇ ಮಾಹಿತಿ ಅವರಿಗೆ. ಜೀಪು ಓಡಿಸುವವರಿಗೆ ದಾರಿ ಬೇಕು. ಪಿಡಿಒಗೆ ಎಷ್ಟು ಮನೆ, ಎಷ್ಟು ಆಟೊ ಅನ್ನುವ ಲೆಕ್ಕ ಬೇಕು. ಆಶಾಗೆ ಮನೆ, ಹೊತ್ತು, ಮನೆಯಲ್ಲಿ ಯಾರಿರುತ್ತಾರೆ ಅನ್ನುವುದು ಬೇಕು. ಕಾಯಿಲೆ ಬೇಕಾಗಿರುವುದು ಸೂಜಿ ಹಿಡಿದ ಸಿಸ್ಟರಿಗೆ, ವೈದ್ಯರಿಗೆ. ಅದನ್ನು ಅವರು ಮಂಚದ ಪಕ್ಕ ಕೂತು ನೇರವಾಗಿ ಕೇಳಬಹುದು. ಇವತ್ತು ಜ್ವರ ಇದೆಯಾ, ಯಾವುದಕ್ಕಾದರೂ ಅಲರ್ಜಿ ಆಗಿತ್ತಾ, ರಕ್ತ ತೆಳು ಮಾಡುವ ಮಾತ್ರೆ ಇದೆಯಾ, ಮೊದಲ ಡೋಸ್ ಆದಾಗ ಏನಾದರೂ ತೊಂದರೆ ಆಯಿತಾ.

ಕಾಯಿಲೆ ಬಿಟ್ಟು ಪಟ್ಟಿ ಮಾಡುವುದು ಹೇಗೆ? ಅದಕ್ಕೆ ಬೇಕಾದ ಕಾಗದ ಅವರ ಬೀರುವಿನಲ್ಲೇ ಇತ್ತು. 30 ದಾಟಿದವರ ಮನೆಗೆ ಹೋಗಿ ಆಶಾಗಳು ತುಂಬುವ ಸಿಬ್ಯಾಕ್ ಫಾರಂನಲ್ಲಿ ತಂಬಾಕು, ಸೊಂಟದ ಅಳತೆ, ಮನೆತನದ ಕಾಯಿಲೆ ಎಲ್ಲ ಕೇಳಿ ಅಂಕ ಹಾಕುತ್ತಾರೆ. ಎಲ್ಲರ ಗಮನ ಆ ಅಂಕದ ಮೇಲೇ. ಅದೇ ಫಾರಂನಲ್ಲಿ 60 ದಾಟಿದವರಿಗೆ ಬೇರೆ ಕೆಲವು ಪ್ರಶ್ನೆ ಇವೆ. ನಿಲ್ಲುವಾಗ, ನಡೆಯುವಾಗ ತೂರಾಡುತ್ತೀರಾ? ಊಟ, ಸ್ನಾನ, ಬಟ್ಟೆಗೆ ಬೇರೆಯವರ ಸಹಾಯ ಬೇಕಾ? ಹತ್ತಿರದವರ ಹೆಸರು, ಮನೆ ವಿಳಾಸ ಮರೆತುಹೋಗುತ್ತದಾ? ಇದಕ್ಕೆ ಹೌದು ಅಂದವರೇ ಅವರಿಗೆ ಬೇಕಾಗಿದ್ದ ಜನ. ಪಾರ್ಶ್ವವಾಯುವೋ, ಮೂಳೆ ಮುರಿತವೋ, ಮರೆವೋ ಅನ್ನುವುದು ಅಲ್ಲಿ ಬರುವುದೇ ಇಲ್ಲ. ಎಲ್ಲ ಮನೆಗಳ ಫಾರಂ ತುಂಬಿರಲಿಲ್ಲ, ಕೆಲವು ಹಳೆಯವು. ಆದರೂ ಮೊದಲ ಶೀಟಿಗಿಂತ ಇದು ಎಷ್ಟೋ ಮೇಲು. ಮೊದಲ ಶೀಟಿನಲ್ಲಿ ದಿನಾ ಹೊಲಕ್ಕೆ ಹೋಗುವ ಶುಗರ್ ರೋಗಿಗಳೇ ತುಂಬಿದ್ದರು. ಅವರು ತಾವೇ ನಡೆದು ಬಂದು ಹಾಕಿಸಿಕೊಳ್ಳಬಲ್ಲವರು.

ಹೊಸ ಪಟ್ಟಿಯನ್ನು ಕಾಗದದ ಪುಸ್ತಕದಲ್ಲಿ ಬರೆದರು. ಊರಿಗೊಂದು ಪುಸ್ತಕ, ಆ ಊರಿನ ಆಶಾ ಕೈಯಲ್ಲೊಂದು, ಸಿಸ್ಟರ್ ಬಳಿ ನಕಲು. ಮನೆಯ ಗುರುತು, ಯಾವ ಹೊತ್ತಿಗೆ ಹೋದರೆ ಬಾಗಿಲು ತೆಗೆಯುತ್ತಾರೆ, ಜೊತೆಗೆ ಯಾರಿರುತ್ತಾರೆ, ಯಾರ ಫೋನ್, ಏನು ನೆರವು ಬೇಕು. ನೆರವು ಅಂದರೆ ‘ಮಂಚದ ಮೇಲೆ’, ‘ಕಿವಿ ಕೇಳಿಸದು, ಮಗಳು ಇರಬೇಕು’, ‘ತೆಲುಗು ಮಾತ್ರ’. ಬಾಗೇಪಲ್ಲಿ ಕಡೆ ಇದು ಸಣ್ಣ ವಿಷಯವಲ್ಲ. ಮನೆಯೊಳಗೆ ತೆಲುಗೇ ನಡೆಯುವ ಊರುಗಳು ಎಷ್ಟೋ ಇವೆ. ದಕ್ಷಿಣದ ಜಿಲ್ಲೆಯಿಂದ ವರ್ಗವಾಗಿ ಬಂದ ಸಿಸ್ಟರ್ ಕನ್ನಡದಲ್ಲಿ ಹತ್ತು ಸಲ ಹೇಳಿದ್ದಕ್ಕೆ ತಲೆ ಅಲ್ಲಾಡಿಸಿದ ಅವ್ವ, ಆಶಾ ಒಂದು ಸಲ ತೆಲುಗಿನಲ್ಲಿ ಕೇಳಿದರೆ ತೋಳು ಮುಂದೆ ಮಾಡುತ್ತಿದ್ದರು.

ಹೆಸರು ಬರೆಯುವ ಮುಂಚೆ ಎರಡು ಪ್ರಶ್ನೆ ಕೇಳುವುದೆಂದು ಮಾಡಿಕೊಂಡರು. ಸಿಸ್ಟರ್ ಮನೆಗೆ ಬರಬಹುದಾ? ಜೀಪು ಬಾಗಿಲಿಗೆ ಬರಲಾ, ದೂರ ನಿಲ್ಲಿಸಲಾ? ಎರಡನೆಯದು ಯಾಕೆ ಅಂತ ಹೊರಗಿನವರಿಗೆ ಹೊಳೆಯುವುದಿಲ್ಲ. 2020ರಲ್ಲಿ ಬಾಗಿಲಿಗೆ ಆರೋಗ್ಯ ಇಲಾಖೆ ಗಾಡಿ ಬಂತೆಂದರೆ ಆ ಮನೆಗೆ ಕೊರೊನಾ ಅಂತಲೇ ಅರ್ಥ. ಚೀಟಿ ಅಂಟಿಸಿ, ತಡಿಕೆ ಕಟ್ಟಿ, ನೀರಿಗೂ ಹೊರಗೆ ಬಿಡದ ಕಾಲ ಅದು. ಬಹಳ ಮನೆಯವರು ದೂರ ನಿಲ್ಲಿಸಿ ಅಂದರು. ಜೀಪು ಅಂಗನವಾಡಿ ಹತ್ತಿರ ನಿಂತಿತು, ಸಿಸ್ಟರ್ ಲಸಿಕೆ ಡಬ್ಬ ಹಿಡಿದು ನಡೆದು ಹೋದರು.

ಟಿಬಿ, ಎಚ್‌ಐವಿ, ಡಯಾಲಿಸಿಸ್‌ನವರನ್ನು ಈ ಪುಸ್ತಕಕ್ಕೆ ಸೇರಿಸಲೇ ಇಲ್ಲ. ಅವರು ಆಗಲೇ ಒಬ್ಬರಲ್ಲ ಒಬ್ಬ ಆರೋಗ್ಯ ಸಿಬ್ಬಂದಿಯ ಸಂಪರ್ಕದಲ್ಲಿರುವವರು. ಎಆರ್‌ಟಿ ಕೇಂದ್ರದ (ಎಚ್‌ಐವಿ ಚಿಕಿತ್ಸೆಯ ಮಾತ್ರೆ ಕೊಡುವ ಕಡೆ) ಆಪ್ತ ಸಮಾಲೋಚಕರು ಮಾತ್ರೆಗೆ ಬಂದವರಿಗೆ ತಾವೇ ಹೇಳಬಹುದು, ‘ನಿಮ್ಮೂರಿಗೆ ಮಂಗಳವಾರ ಶಿಬಿರ ಇದೆ, ಎಲ್ಲರ ಜೊತೆ ಹೋಗಿ ಹಾಕಿಸಿಕೊಳ್ಳಿ, ಏನೂ ಹೇಳಬೇಕಿಲ್ಲ’ ಅಂತ. ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಹೋಗುವವರಿಗೆ ಅಲ್ಲೇ ಲಸಿಕೆ. ರೋಗಿಯ ಹೆಸರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಬದಲು, ಶಿಬಿರದ ದಿನಾಂಕ ಸಮಾಲೋಚಕರಿಗೆ ಹೋಯಿತು. ಮಾಹಿತಿ ಹರಿಯುವ ದಿಕ್ಕು ಬದಲಾಯಿತು, ಅಷ್ಟೇ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ.

ಹತ್ತು ಡೋಸ್, ನಾಲ್ಕು ಗಂಟೆ

ಕಷ್ಟ ಇದ್ದದ್ದು ಮುಂದೆ. ಕೋವಿಶೀಲ್ಡ್‌ನ ಒಂದು ವಯಲ್‌ನಲ್ಲಿ ಹತ್ತು ಡೋಸ್. ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ವ್ಯರ್ಥ. ಲಸಿಕೆ ಕೊಟ್ಟ ಮೇಲೆ 30 ನಿಮಿಷ ಆ ವ್ಯಕ್ತಿಯನ್ನು ನೋಡಿಕೊಂಡು ಇರಬೇಕು. ಬೇರೆ ಬೇರೆ ಮನೆಯಲ್ಲಿ ಹತ್ತು ಜನ, ಪ್ರತಿ ಮನೆಯಲ್ಲೂ ಅರ್ಧ ಗಂಟೆ ಅಂದರೆ ಕಾಯುವುದೇ ಐದು ಗಂಟೆ. ಓಡಾಟ ಬೇರೆ. ಲೆಕ್ಕ ಕೂಡುವುದೇ ಇಲ್ಲ.

ಅವರು ಕಂಡುಕೊಂಡ ದಾರಿ ಇದು. ಸಿಸ್ಟರ್ ಚುಚ್ಚಿ ಮುಂದಿನ ಮನೆಗೆ ಹೋಗುತ್ತಾರೆ, ತರಬೇತಾದ ಇನ್ನೊಬ್ಬರು ಅರ್ಧ ಗಂಟೆ ಕೂರುತ್ತಾರೆ. ಏನಾದರೂ ಆದರೆ ಸಿಸ್ಟರ್ ಕೂಗಳತೆಯಲ್ಲಿ ಇರಬೇಕು. ಆದ್ದರಿಂದ ಒಂದು ದಿನಕ್ಕೆ ಒಂದೇ ಊರು ಅಥವಾ ಅಕ್ಕಪಕ್ಕದ ಎರಡು ಬೀದಿ. ಹಾಸಿಗೆ ಹಿಡಿದವರು ಒಂದು ಊರಲ್ಲಿ ಹತ್ತು ಜನ ಎಲ್ಲಿ ಸಿಗುತ್ತಾರೆ? ಮೂರೋ ನಾಲ್ಕೋ. ಮಿಕ್ಕ ಡೋಸುಗಳಿಗೆ ಅದೇ ಮನೆಯವರು, ಪಕ್ಕದ ಮನೆಯವರು, ಎರಡನೇ ಡೋಸ್ ಬಾಕಿ ಇದ್ದವರು. ಇದರಿಂದ ಇನ್ನೊಂದು ಅನುಕೂಲ ಆಯಿತು. ಇಡೀ ಬೀದಿಗೆ ಲಸಿಕೆ ಬಂದಾಗ ಯಾವ ಮನೆಗೆ ಯಾಕೆ ಬಂದರು ಅಂತ ಯಾರೂ ಲೆಕ್ಕ ಹಾಕುವುದಿಲ್ಲ.

ಆ ನವೆಂಬರ್‌ನಲ್ಲಿ ಮಳೆ ಹೊಡೆದದ್ದು ಈ ಕಡೆಯವರಿಗೆಲ್ಲ ನೆನಪಿದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು, ರಾಗಿ, ಕಡಲೆಕಾಯಿ ಹೊಲದಲ್ಲೇ ಕೊಳೆಯಿತು. ರಸ್ತೆ ಕಡಿದ ಊರಿಗೆ ಜೀಪು ಹೋಗಲಿಲ್ಲ. ಒಂದೆರಡು ಕಡೆ ಟ್ರ್ಯಾಕ್ಟರಿನಲ್ಲಿ ಹೋದರು.

ಬೇಡ ಅಂದವರ ಬಗ್ಗೆಯೂ ಹೇಳಬೇಕು. ‘ಬೇಡ’ ಅಂದವರಲ್ಲಿ ಅರ್ಧಕ್ಕರ್ಧ ಮಂಚದ ಮೇಲಿದ್ದವರಲ್ಲ, ಅವರನ್ನು ನೋಡಿಕೊಳ್ಳುವವರು, ಹೆಚ್ಚಾಗಿ ಸೊಸೆಯಂದಿರು. ಮೂಢನಂಬಿಕೆ, ವದಂತಿ ಅಂತ ಬರೆದು ಮುಗಿಸುವುದು ಸುಲಭ. ಕೂತು ಕೇಳಿದರೆ ಬೇರೆಯೇ ಮಾತು ಬರುತ್ತಿತ್ತು. ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಜ್ವರ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಅತ್ತೆಗೆ ಜ್ವರ ಬಂದರೆ ಎರಡು ದಿನ ಕೂಲಿ ಬಿಡಬೇಕಾದವಳು ಸೊಸೆ. ಕಡಲೆಕಾಯಿ ಕೀಳುವ ಕಾಲದಲ್ಲಿ ಆ ಎರಡು ದಿನದ ಕೂಲಿ ಯಾರು ಕೊಡುತ್ತಾರೆ? ಪುಸ್ತಕದಲ್ಲಿ ‘ಯಾವ ಹೊತ್ತಿಗೆ’ ಅನ್ನುವ ಕಾಲಂನ ಬೆಲೆ ತಿಳಿದದ್ದು ಆಗ. ಸೊಸೆ ಹೇಗೂ ಮನೆಯಲ್ಲಿರುವ ದಿನ, ಅಥವಾ ಮಗಳು ತವರಿಗೆ ಬರುವ ದಿನ ಹೋದರು. ಪ್ಯಾರಸಿಟಮಾಲ್ ಮಾತ್ರೆ ಕೊಟ್ಟು, ಮಾರನೇ ದಿನ ಆಶಾ ಬಂದು ನೋಡುತ್ತೇನೆ ಅಂತ ಹೇಳಿ ಹಾಗೇ ಬಂದು ನೋಡಿದರು. ವದಂತಿಯ ಬಗ್ಗೆ ಭಾಷಣ ಮಾಡುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡಿತು.

ತಾತನ ದಾಖಲೆ ಎಲ್ಲಿದೆ

ದಾಖಲೆ ಹಂಚಬಾರದು ಅಂತ ಇಷ್ಟು ಹೊತ್ತು ಹೇಳಿದೆ. ಹಂಚದೇ ಇದ್ದರೂ ತೊಂದರೆ ಆಗುತ್ತದೆ. ಅದಕ್ಕೆ ಒಬ್ಬ ತಾತನ ವಿಷಯ ಹೇಳಬೇಕು.

ಅವರು ಬೇಸಿಗೆಯಲ್ಲಿ ಹಿಂದೂಪುರದ ಮಗಳ ಮನೆಯಲ್ಲಿದ್ದಾಗ ಮೊದಲ ಡೋಸ್ ಆಗಿತ್ತು. ಆಮೇಲೆ ಬಿದ್ದು ಸೊಂಟ ಮುರಿಯಿತು, ಮಗನ ಮನೆಗೆ ಬಂದರು. ಯಾವ ಲಸಿಕೆ ಅಂತ ಅವರಿಗೆ ಗೊತ್ತಿಲ್ಲ. ಮಗನಿಗೂ ಗೊತ್ತಿಲ್ಲ. ಕೋವಿಶೀಲ್ಡ್ ಆಗಿದ್ದರೆ ಎರಡನೆಯದಕ್ಕೆ ಆಗ 84 ದಿನ ಕಾಯಬೇಕಿತ್ತು, ಕೋವ್ಯಾಕ್ಸಿನ್ ಆಗಿದ್ದರೆ 28 ದಿನ. ಮೊದಲು ಯಾವುದೋ ಎರಡನೆಯದೂ ಅದೇ ಆಗಬೇಕು. ಕೋವಿನ್ ಇಡೀ ದೇಶಕ್ಕೆ ಒಂದೇ ಆದ್ದರಿಂದ ಆಂಧ್ರದಲ್ಲಿ ಹಾಕಿಸಿದ್ದು ಕರ್ನಾಟಕದಲ್ಲೂ ಕಾಣುತ್ತದೆ. ಇದು ಆ ವ್ಯವಸ್ಥೆಯ ದೊಡ್ಡ ಗುಣ, ಗಡಿ ಊರುಗಳಲ್ಲಿ ಕೆಲಸ ಮಾಡಿದವರು ಅದನ್ನು ಮೆಚ್ಚಲೇಬೇಕು. ಆದರೆ ದಾಖಲೆ ಸೇರಿಕೊಂಡಿರುವುದು ಒಂದು ಮೊಬೈಲ್ ನಂಬರಿಗೆ. ಯಾರ ನಂಬರು?

ಇಂಥ ಕಡೆ ಸಿಬ್ಬಂದಿ ಸುಲಭದ ದಾರಿ ಹಿಡಿಯುವುದುಂಟು. ಹೊಸದಾಗಿ ನೋಂದಾಯಿಸಿ ಇದನ್ನೇ ಮೊದಲ ಡೋಸ್ ಅಂತ ಬರೆದುಬಿಡುತ್ತಾರೆ. ಅಂದಿನ ಟಾರ್ಗೆಟ್‌ಗೆ ಒಂದು ಸೇರುತ್ತದೆ. ತಾತ ಮಾತ್ರ ಕಂಪ್ಯೂಟರಿನಲ್ಲಿ ಇಬ್ಬರಾಗುತ್ತಾರೆ, ಇಬ್ಬರಿಗೂ ಎರಡನೇ ಡೋಸ್ ಬಾಕಿ. ಈ ಸಿಸ್ಟರ್ ಹಾಗೆ ಮಾಡಲಿಲ್ಲ. ಹಿಂದೂಪುರದ ಮಗಳಿಗೆ ಫೋನ್ ಮಾಡಿಸಿದರು. ನಂಬರು ಅಳಿಯನದು, ಅಳಿಯ ಲಾರಿ ಮೇಲೆ. ಸಂಜೆಗೆ ಸಿಕ್ಕಿದರು, ಒಟಿಪಿ ಓದಿ ಹೇಳಿದರು, ದಾಖಲೆ ತೆರೆಯಿತು. ಕೋವಿಶೀಲ್ಡ್, 84 ದಿನ ದಾಟಿತ್ತು. ಮುಂದಿನ ವಾರ ಆ ಬೀದಿಗೆ ಹೋದಾಗ ಹಾಕಿದರು.

ಅಂದಿನಿಂದ ಲಸಿಕೆ ಆದ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡುವುದು ಶುರುವಾಯಿತು. ಲಸಿಕೆಯ ಹೆಸರು, ದಿನಾಂಕ, ಮುಂದಿನದು ಯಾವಾಗ, ಯಾರ ಮೊಬೈಲ್‌ನಲ್ಲಿ ನೋಂದಣಿ. ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ ಅಂತ ಹೇಳಿದರು. ದಾಖಲೆ ರೋಗಿಯ ಕೈಯಲ್ಲೇ ಇದ್ದರೆ ಯಾರಿಗೆ ತೋರಿಸಬೇಕು ಅನ್ನುವುದನ್ನು ಅವರೇ ನಿರ್ಧರಿಸುತ್ತಾರೆ. ಕೋವಿನ್ ಪ್ರಮಾಣಪತ್ರ ಇತ್ತು ನಿಜ. ಫೋನ್ ಇಲ್ಲದವರಿಗೆ ಅದು ಎಲ್ಲಿದೆ?

ಮೊಬೈಲ್ ನಂಬರಿನ ಇನ್ನೊಂದು ತಾಪತ್ರಯ ಆಶಾಗಳದು. ಫೋನ್ ಇಲ್ಲದ ಮುದುಕರಿಗೆ ಆಶಾ ತಮ್ಮ ನಂಬರನ್ನೇ ಕೊಡುತ್ತಿದ್ದರು. ಒಂದು ನಂಬರಿಗೆ ನಾಲ್ಕೇ ಜನ. 2022ರ ಜನವರಿಯಲ್ಲಿ ಅದನ್ನು ಆರು ಮಾಡಿದರು. ನಂಬರು ತುಂಬಿದ ಮೇಲೆ ಗಂಡನದು, ಮಗನದು, ಅಂಗಡಿಯವರದು. 2023ರ ಜೂನ್‌ನಲ್ಲಿ ಟೆಲಿಗ್ರಾಂನಲ್ಲಿ ತಾನಾಗಿಯೇ ಉತ್ತರ ಕೊಡುವ ಒಂದು ಬಾಟ್‌ಗೆ ಮೊಬೈಲ್ ನಂಬರು ಕೊಟ್ಟರೆ ಲಸಿಕೆ ಹಾಕಿಸಿಕೊಂಡವರ ಹೆಸರು, ಗುರುತಿನ ಚೀಟಿ ಸಂಖ್ಯೆ ಬರುತ್ತಿದೆ ಅಂತ ಸುದ್ದಿಯಾಯಿತು. ಕೋವಿನ್ ಸುರಕ್ಷಿತವಾಗಿದೆ, ಸುದ್ದಿಗೆ ಆಧಾರವಿಲ್ಲ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತು. ಅದೇನೇ ಇರಲಿ, ಒಬ್ಬ ಆಶಾ ನಂಬರಿನ ಹಿಂದೆ ನಾಲ್ಕು ಮನೆಯ ಮುದುಕರ ಗುರುತು ಕೂತಿತ್ತು. ಆ ಜವಾಬ್ದಾರಿ ತನ್ನ ಮೇಲಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ ದೇಶದಲ್ಲಿ ಕಾಯ್ದೆ ಬಂದದ್ದೇ 2023ರ ಆಗಸ್ಟ್‌ನಲ್ಲಿ.

ಗುರುತಿನ ಚೀಟಿಯೇ ಇಲ್ಲದವರೂ ಒಬ್ಬರಿದ್ದರು. ಗುಡಿಯ ಮಂಟಪದಲ್ಲಿ ಇರುತ್ತಿದ್ದ ಅಜ್ಜಿ. ಅಂಥವರಿಗೂ ಲಸಿಕೆ ಕೊಡಬಹುದು ಅಂತ 2021ರ ಮೇ ತಿಂಗಳಲ್ಲೇ ಸೂಚನೆ ಇತ್ತು. ಅಲೆಮಾರಿಗಳು, ಸಾಧುಗಳು, ಭಿಕ್ಷುಕರು, ವೃದ್ಧಾಶ್ರಮದವರು ಎಲ್ಲರೂ ಅದರಲ್ಲಿದ್ದಾರೆ. ಆಧಾರ್ ಇಲ್ಲ ಅಂತ ಎರಡು ಶಿಬಿರದಿಂದ ಅಜ್ಜಿಯನ್ನು ವಾಪಸ್ ಕಳುಹಿಸಿದ್ದರು. ಸೂಚನೆ ಇದೆ ಅಂತ ಮೇಜಿನ ಮೇಲಿದ್ದವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಆಮೇಲೆ

2022ರ ಜನವರಿ 10ರಿಂದ ಮುನ್ನೆಚ್ಚರಿಕೆ ಡೋಸ್, ಅಂದರೆ ಮೂರನೇ ಡೋಸ್ ಶುರುವಾಯಿತು. ಆರೋಗ್ಯ ಮತ್ತು ಮುಂಚೂಣಿ ಸಿಬ್ಬಂದಿಯ ಜೊತೆ, ಕಾಯಿಲೆಗಳಿರುವ 60 ದಾಟಿದವರಿಗೆ. ಈ ಸಲ ವೈದ್ಯರ ಪ್ರಮಾಣಪತ್ರ ತೋರಿಸಬೇಕಿಲ್ಲ, ನಿಮ್ಮ ವೈದ್ಯರ ಸಲಹೆ ಪಡೆದು ಬನ್ನಿ ಅಂತ ಕೇಂದ್ರ ಹೇಳಿತು. ಹಿಂದಿನ ಮಾರ್ಚ್‌ನಲ್ಲಿ ಕಾಗದ ಬೇಕಿತ್ತು, ಈಗ ಬೇಡ. ಕಾಗದ ಇಲ್ಲದೆಯೂ ಕೆಲಸ ನಡೆಯಿತು.

ಈ ಕೇಂದ್ರದಲ್ಲಿ ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಆ ದರ್ಜಿ ಹೆಂಗಸು ಟಿಬಿ ಮಾತ್ರೆ ಮುಗಿಸಿದರು. ಲಸಿಕೆಯನ್ನು ಬಾಗೇಪಲ್ಲಿಗೆ ಹೋಗಿ ಹಾಕಿಸಿಕೊಂಡರು, ಊರಿನ ಶಿಬಿರಕ್ಕೆ ಬರಲಿಲ್ಲ. ಹೊಲಿಗೆ ಈಗ ಹೆಚ್ಚಾಗಿ ಪಕ್ಕದೂರಿನವರಿಗೆ. ಎರಡನೇ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಮೊದಲನೆಯದು ಮಾಡಿದ್ದನ್ನು ಅಳಿಸಲಿಲ್ಲ. ಪುಸ್ತಕದ ವ್ಯವಸ್ಥೆಯಲ್ಲೂ ಒಂದು ತೊಡಕಿದೆ. ಸಿಸ್ಟರ್ ವರ್ಗವಾದರೆ ತಲೆಯಲ್ಲಿದ್ದ ವಿಷಯವೆಲ್ಲ ಅವರ ಜೊತೆ ಹೋಗುತ್ತದೆ. ಹೊಸಬರು ಬಂದು ಪ್ರತಿ ಮಂಚದ ಪಕ್ಕದಲ್ಲೂ ಮೊದಲಿನಿಂದ ಕೇಳಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಅದು ಇರಲಿ ಅನ್ನುವುದು ನನ್ನ ಪಕ್ಷ. ಅಲ್ಲಿಯ ಸಿಬ್ಬಂದಿಯಲ್ಲಿ ಇದನ್ನು ಒಪ್ಪದವರೂ ಇದ್ದಾರೆ. ‘ರಾತ್ರಿ ಹೊತ್ತು ಉಸಿರು ಕಟ್ಟಿದೆ ಅಂತ ಫೋನ್ ಬಂದಾಗ ಪುಸ್ತಕದಲ್ಲಿ ಏನೂ ಇರಲ್ಲ, ಆಗೇನು ಮಾಡೋಣ?’ ಅಂತ ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಅವರು ಮಾಡಿಕೊಂಡಿರುವ ಮಧ್ಯದ ದಾರಿ ಅಂದರೆ, ಒಪ್ಪಿದವರ ಕಾಯಿಲೆ, ಮಾತ್ರೆಯ ವಿವರವನ್ನು ಬೇರೆ ಹಾಳೆಯಲ್ಲಿ ಬರೆದು ಉಪಕೇಂದ್ರದ ಬೀರುವಿನಲ್ಲಿ ಬೀಗ ಹಾಕಿ ಇಡುವುದು. ಬೀಗದ ಕೈ ಸಿಸ್ಟರ್ ಮತ್ತು ಸಮುದಾಯ ಆರೋಗ್ಯ ಅಧಿಕಾರಿ ಬಳಿ.

ಅಭಿಯಾನ ತಣ್ಣಗಾದ ಮೇಲೆ ಮೇಲಿನ ಕಚೇರಿಯೊಂದರಿಂದ ಫೋನ್ ಬಂತು. ಮನೆಯಲ್ಲೇ ಲಸಿಕೆ ಪಡೆದವರ ಪೂರ್ತಿ ಪಟ್ಟಿ ಬೇಕು, ಹೆಸರು, ಮೊಬೈಲ್, ಕಾಯಿಲೆ ಸಮೇತ, ಎಕ್ಸೆಲ್‌ನಲ್ಲಿ. ಯಾವುದಕ್ಕೆ ಅಂತ ವೈದ್ಯಾಧಿಕಾರಿ ಕೇಳಿದರು. ವರದಿಗೆ ಅಂದರು. ವೈದ್ಯಾಧಿಕಾರಿ ಊರುವಾರು ಎಷ್ಟು ಮನೆ, ಎಷ್ಟು ಡೋಸ್ ಅನ್ನುವ ಸಂಖ್ಯೆ ಮಾತ್ರ ಹಾಕಿ ಕಳುಹಿಸಿದರು. ಹೆಸರು ಎಲ್ಲಿ ಅಂತ ಯಾರೂ ವಾಪಸ್ ಕೇಳಲಿಲ್ಲ.